ಅಂಗಳ ಕಾಯುವ ಕ್ಯಾಮೆರಾ

2024 ಡಿಸೆಂಬರ್ 9, ಸೋಮವಾರ
ತೀರ್ಥಹಳ್ಳಿ

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ನಾಲ್ಕೂ ಕ್ಯಾಮೆರಾದ ಚೌಕಗಳು ಕಪ್ಪು. ರಾತ್ರಿ ಆಂಟಿವೈರಸ್ ಅಪ್‌ಡೇಟ್ ಆಗಿತ್ತು. ಕೊನೆ ಕೊಯ್ಲಿನ ಸಮಯ, ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿದೆ. ಹೋದ ವರ್ಷ ಪಕ್ಕದೂರಲ್ಲಿ ಎರಡು ಮೂಟೆ ಕಳುವಾದ ಮೇಲೆಯೇ ನಾವು ಕ್ಯಾಮೆರಾ ಹಾಕಿಸಿದ್ದು.

ಮನೆಯ ವೈಫೈನಲ್ಲೇ ಮೊಬೈಲ್ ತೆರೆದೆ; ಅಂಗಳ ಕಾಣುತ್ತಿದೆ. ಕ್ಯಾಮೆರಾಗಳ ಚಿತ್ರ ಕೂಡಿಡುವ ರೆಕಾರ್ಡರಿಗೆ ಕಂಪ್ಯೂಟರಿನಿಂದ ಪಿಂಗ್ ಮಾಡಿದೆ, ಉತ್ತರ ಬಂತು. ಕ್ಯಾಮೆರಾ, ತಂತಿ, ರೂಟರ್ ಎಲ್ಲ ಸರಿಯಿವೆ. ತಡೆ ಇರುವುದು ಕಂಪ್ಯೂಟರಿನೊಳಗೆ.

ಕ್ಯಾಮೆರಾ ಕೂರಿಸಿದ ಹುಡುಗನಿಗೆ ಫೋನ್ ಮಾಡಿದೆ. "ಆಂಟಿವೈರಸ್ ಆಫ್ ಮಾಡಿಬಿಡಿ ಸರ್, ಎಲ್ಲಾ ಕಡೆ ಹಾಗೇ ಮಾಡೋದು" ಎಂದ. ಹತ್ತು ನಿಮಿಷ ಆಫ್ ಮಾಡಿದೆ, ಚಿತ್ರ ಬಂತು. ಕೂಡಲೇ ಮತ್ತೆ ಆನ್ ಮಾಡಿದೆ. ತಡೆಯುತ್ತಿರುವುದು ಯಾರೆಂದು ತಿಳಿಯಲು ಅಷ್ಟು ಸಾಕು. ಬ್ಯಾಂಕಿನ ವ್ಯವಹಾರ, ಮಂಡಿಯ ಲೆಕ್ಕ ಎಲ್ಲ ಇರುವ ಕಂಪ್ಯೂಟರನ್ನು ಬಯಲಿಗಿಟ್ಟು ಅಡಿಕೆ ಕಾಯಲು ನನಗೆ ಮನಸ್ಸಿಲ್ಲ.

ಅಪ್ಪಯ್ಯ ಏನೂ ಕೇಳಲಿಲ್ಲ. ಕಂಬಳಿ, ಬ್ಯಾಟರಿ ಹಿಡಿದು ಅಂಗಳಕ್ಕೆ ಮಲಗಲು ಹೋದರು. 78 ವರ್ಷ ಅವರಿಗೆ. ಹೊರಗೆ ಈ ಚಳಿ.

ಡಿಸೆಂಬರ್ 10, ಮಂಗಳವಾರ

ಆಂಟಿವೈರಸ್ಸಿನ ಲಾಗ್ ತೆರೆದು ಸಾಲುಸಾಲಾಗಿ ಓದಿದೆ. ಅಪ್‌ಡೇಟ್ ಆದಾಗ ಅದು ಮನೆಯ ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತಿಸಿಕೊಂಡಿದೆ. ಬಸ್‌ಸ್ಟ್ಯಾಂಡಿನ ವೈಫೈಗೆ ಇರಬೇಕಾದ ಕಟ್ಟುಪಾಡು ಮನೆಗೂ ಬಿದ್ದಿದೆ. 3702ನೇ ಪೋರ್ಟಿನಲ್ಲಿ ಕ್ಯಾಮೆರಾ ಹುಡುಕುವ ಕರೆಗೆ ಉತ್ತರ ಒಳಬರುತ್ತಿಲ್ಲ, 554ರಲ್ಲಿ ಬರಬೇಕಾದ ವಿಡಿಯೋವೂ ನಿಂತಿದೆ.

ನೆಟ್‌ವರ್ಕನ್ನು 'ಪ್ರೈವೇಟ್' ಮಾಡಿದೆ. ಕ್ಯಾಮೆರಾ ನೋಡುವ ಆ ಒಂದು ತಂತ್ರಾಂಶಕ್ಕೆ, ರೆಕಾರ್ಡರಿನ ಒಂದು ವಿಳಾಸಕ್ಕೆ ಮಾತ್ರ ಅನುಮತಿ ಕೊಟ್ಟೆ. ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿದೆ. ನಾಲ್ಕೂ ಚೌಕಗಳಲ್ಲಿ ಬೆಳಕು!

ಹಳೆಯ ರೆಕಾರ್ಡಿಂಗ್ ಮಾತ್ರ ತೆರೆಯಲಿಲ್ಲ. ಅದಕ್ಕೆ ಬೇಕಾದ ಫೈಲ್ ಕ್ವಾರಂಟೈನಿನಲ್ಲಿತ್ತು. ಹುಡುಗ ಪೆನ್‌ಡ್ರೈವಿನಿಂದ ಹಾಕಿದ್ದು, ಎಲ್ಲಿಂದ ತಂದನೋ. ಹೊರಗೆ ಬಿಡಲಿಲ್ಲ, ಅಳಿಸಿದೆ. ತಯಾರಕರ ಜಾಲತಾಣದಿಂದಲೇ ಹೊಸದನ್ನು ಇಳಿಸಿಕೊಂಡು, ಡಿಜಿಟಲ್ ಸಹಿ ನೋಡಿ ಹಾಕಿದೆ. ಆಂಟಿವೈರಸ್ ಸುಮ್ಮನಿತ್ತು.

ಡಿಸೆಂಬರ್ 11, ಬುಧವಾರ

ರಾತ್ರಿಯೆಲ್ಲ ಒಂದೇ ಯೋಚನೆ. ಆಂಟಿವೈರಸ್ ಕಾಯುವುದು ಕಂಪ್ಯೂಟರನ್ನು. ಕ್ಯಾಮೆರಾದೊಳಗೂ ಒಂದು ಪುಟ್ಟ ಕಂಪ್ಯೂಟರ್ ಇದೆ, ಅದನ್ನು ಕಾಯುವವರು ಯಾರು? 2016ರಲ್ಲಿ ಮಿರೈ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿತು. ಅವುಗಳ ಸೇನೆ ಕಟ್ಟಿಯೇ ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದ ಹಲವೆಡೆ ಗಂಟೆಗಟ್ಟಲೆ ತೆರೆಯಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮಿರೈ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಅದೇ ಇದ್ದರೆ ಮತ್ತೆ ಬರುತ್ತಿತ್ತು.

ನಮ್ಮ ನಾಲ್ಕರಲ್ಲೂ ಹುಡುಗ ಬಿಟ್ಟುಹೋದ ಒಂದೇ ಪಾಸ್‌ವರ್ಡ್ ಇತ್ತು. ಎಲ್ಲವನ್ನೂ ಬದಲಿಸಿದೆ. ಫರ್ಮ್‌ವೇರ್ ಹೊಸದು ಮಾಡಿದೆ. ಕೇಳದೆಯೇ ಹೊರಜಾಲಕ್ಕೆ ಬಾಗಿಲು ತೆರೆಯಬಲ್ಲ ರೂಟರಿನ ಯುಪಿಎನ್‌ಪಿ ಮುಚ್ಚಿದೆ.

ಸಂಜೆ ಅಪ್ಪಯ್ಯ ಬಂದು ಪರದೆಯ ಮುಂದೆ ನಿಂತರು.

"ಕಾಣ್ತದೇನೋ?"

"ಕಾಣ್ತದೆ ಅಪ್ಪಯ್ಯ. ನಾಲ್ಕೂ."

ಆಂಟಿವೈರಸ್ ಚಾಲೂ ಇದೆ. ಅಪ್ಪಯ್ಯ ಇವತ್ತು ಒಳಗೆ ಮಲಗಿದ್ದಾರೆ.