ಕುದುರೆ ಇಳಿದು ರಸೀದಿ ಹಿಡಿದವರು

"ಇದರಲ್ಲಿ ನಿಮಗೆಷ್ಟು ಉಳಿಯುತ್ತೆ?"

ಪುಣೆಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ವಂತಿಗೆ ಕೇಳಲು ಹೋದಾಗ, ಬಾಗಿಲನ್ನು ಅರ್ಧ ತೆರೆದು ನಿಂತ ಕನ್ನಡಿಗರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರು ನಗುತ್ತಲೇ ಕೇಳಿದ್ದರು. ನಾನೂ ನಕ್ಕೆ. ಆದರೆ ಮರುದಿನವೇ ರಸೀದಿ ಪುಸ್ತಕವನ್ನು ಕಾರ್ಯದರ್ಶಿಗಳ ಕೈಗಿತ್ತು, ಖಜಾಂಚಿ ಕೆಲಸ ಇನ್ನು ನನ್ನಿಂದಾಗದು ಎಂದುಬಿಟ್ಟೆ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂಬ ನೆಪ ಹೇಳಿದೆ. ನಿಜವಾದ ಕಾರಣವನ್ನು ಹೆಂಡತಿಗೂ ಹೇಳಲಿಲ್ಲ.

ಮುಂದಿನ ವರ್ಷ ಕಂಪನಿ ನನ್ನನ್ನು ಆರು ತಿಂಗಳ ಮಟ್ಟಿಗೆ ಅಮೆರಿಕದ ಟೆಕ್ಸಾಸ್‌ಗೆ, ಆಸ್ಟಿನ್ ನಗರಕ್ಕೆ ಕಳಿಸಿತು. ಒಂದು ಶನಿವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ತಮ್ಮ ಊರಿನ ರೋಡಿಯೋ ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಇದನ್ನು ನಡೆಸುವವರು ಯಾರು ಎಂದು ಕೇಳಿದೆ. "ಶೆರಿಫ್ಸ್ ಪಾಸಿ" ಎಂದರು.

ನಮಗೆ ಶೆರಿಫ್ ಎಂದರೆ ಮುಂಬಯಿಯ ಆ ಒಂದು ವರ್ಷದ ಗೌರವ ಹುದ್ದೆ. ದಿಲೀಪ್ ಕುಮಾರ್, ಗಾವಸ್ಕರ್ ಅಂಥವರು ಅಲಂಕರಿಸಿದ್ದು. ಟೆಕ್ಸಾಸ್‌ನಲ್ಲಿ ಹಾಗಲ್ಲ. ಅಲ್ಲಿನ 254 ಕೌಂಟಿಗಳಲ್ಲಿ ಜನ ನಾಲ್ಕು ವರ್ಷಕ್ಕೊಮ್ಮೆ ಮತ ಹಾಕಿ ಶೆರಿಫನನ್ನು ಆರಿಸುತ್ತಾರೆ. ಪೊಲೀಸ್ ಕೆಲಸ, ಜೈಲು ಎರಡೂ ಅವನವೇ. ಹಿಂದೆ ಕಳ್ಳನನ್ನು ಬೆನ್ನಟ್ಟಬೇಕಾದಾಗ ಆತ ಊರಿನ ಗಂಡಸರನ್ನು ಕುದುರೆ ಸಮೇತ ಕರೆಯುತ್ತಿದ್ದ. ಆ ದಂಡಿನ ಹೆಸರೇ ಪಾಸಿ. ಲ್ಯಾಟಿನ್ ಮೂಲದ ಪದ. ಕೌಂಟಿಯ ಬಲ ಎಂದರ್ಥ. ಇಂದು ಅನೇಕ ಕಡೆ ಪಾಸಿ ಎಂದರೆ ಸಂಬಳವಿಲ್ಲದ ಸ್ವಯಂಸೇವಕರ ಗುಂಪು. ಪೊದೆಕಾಡಿನಲ್ಲಿ ಯಾರಾದರೂ ಕಳೆದುಹೋದರೆ ಹುಡುಕುವುದು, ಮೆರವಣಿಗೆಯಲ್ಲಿ ಕುದುರೆ ಏರಿ ಸಾಗುವುದು, ಮತ್ತೆ ಇಂಥ ಕಾರ್ಯಕ್ರಮ ಮಾಡಿ ಹಣ ಕೂಡಿಸುವುದು ಅವರ ಕೆಲಸ.

ರೋಡಿಯೋ ಶುರುವಾಗಿದ್ದು ಪಾಸಿಯವರ ಸವಾರಿಯಿಂದ. ದೊಡ್ಡ ಬಾವುಟ ಹಿಡಿದು ಮುಂದಿದ್ದವರು ಎಪ್ಪತ್ತರ ಆಸುಪಾಸಿನ ಅಜ್ಜ. ಆಮೇಲೆ ಪುಟ್ಟ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಕುರಿ ಬೆನ್ನಿಗೆ ಅಂಟಿಕೊಂಡರು, ಬಿದ್ದರು, ಅತ್ತರು, ಚಪ್ಪಾಳೆ ಕೇಳಿ ನಕ್ಕರು. ಇನ್ನಷ್ಟು ಮಕ್ಕಳು ಕರುವಿನ ಬಾಲಕ್ಕೆ ಕಟ್ಟಿದ ರಿಬ್ಬನ್ ಕೀಳಲು ಓಡಿದರು. ದೊಡ್ಡವರು ಗೂಳಿಯ ಮೇಲೆ ಎಂಟು ಸೆಕೆಂಡ್ ಉಳಿಯಲು ಹೆಣಗಿದರು.

ಊಟದ ಸಾಲಿಗೆ ಬಂದರೆ, ಬಾವುಟ ಹಿಡಿದಿದ್ದ ಅದೇ ಅಜ್ಜ ಏಪ್ರನ್ ಕಟ್ಟಿಕೊಂಡು ಬಡಿಸುತ್ತಿದ್ದರು. ನಾನು ಸಸ್ಯಾಹಾರಿ ಎಂದೆ. ಅವರು ಮಾಂಸದ ತಟ್ಟೆಯನ್ನು ಸರಿಸಿ, "ಬೀನ್ಸ್ ಕೂಡ ಮುಟ್ಟಬೇಡಿ, ಅದರಲ್ಲೂ ಹಂದಿಮಾಂಸ ಇದೆ" ಎಂದು ಎಚ್ಚರಿಸಿದರು. ಬ್ರೆಡ್ಡು, ಈರುಳ್ಳಿ, ಉಪ್ಪಿನಲ್ಲಿಟ್ಟ ಸೌತೆಕಾಯಿ, ಮೇಲೆ ಪೀಚ್ ಹಣ್ಣಿನ ಸಿಹಿ ಎರಡು ಪಾಲು ಕೊಟ್ಟರು. ದುಡ್ಡು ಮಾತ್ರ ಪೂರ್ತಿ ತಗೊಂಡರು.

ಸಾಲು ಕರಗಿದ ಮೇಲೆ ಅವರ ಪಕ್ಕ ಕೂತು ಕೇಳಿದೆ: ಇದರಲ್ಲಿ ನಿಮಗೆಷ್ಟು ಉಳಿಯುತ್ತೆ ಅಂತ ಯಾರೂ ಕೇಳಲ್ಲವೇ?

"ಪ್ರತಿ ವರ್ಷ ಕೇಳ್ತಾರೆ. ಕೇಳಬೇಕು. ಅವರ ದುಡ್ಡಲ್ಲವೇ?" ಎಂದು ಗೋಡೆಯ ಕಡೆ ಕೈ ತೋರಿಸಿದರು. ಹೋದ ವರ್ಷದ ಲೆಕ್ಕ ಒಂದೇ ಹಾಳೆಯಲ್ಲಿ ಅಲ್ಲಿತ್ತು: ಶಾಲೆ ಮುಗಿಸಿದ ಮಕ್ಕಳ ವಿದ್ಯಾರ್ಥಿವೇತನಕ್ಕೆ ಇಷ್ಟು, ಮನೆ ಸುಟ್ಟುಹೋದ ಸಂಸಾರಕ್ಕೆ ಇಷ್ಟು. ಕುದುರೆಯ ಹುಲ್ಲು, ಲಾಳ, ಟ್ರೇಲರ್‌ನ ಡೀಸೆಲ್ ಎಲ್ಲ ಅವರವರ ಜೇಬಿನದು. "ನನ್ನ ಕುದುರೆಗೆ ಅಂತ ಕೇಳಿದ್ದರೆ ನಾಚಿಕೆ ಆಗ್ತಿತ್ತು" ಎಂದರು.

ವಾಪಸ್ ಬಂದ ಮೇಲೆ ಪಾಸಿಗಳ ಬಗ್ಗೆ ಓದತೊಡಗಿದೆ. ಓದಿದ್ದೆಲ್ಲ ಸಿಹಿಯಾಗಿರಲಿಲ್ಲ. ಅಲಬಾಮಾದ ಸೆಲ್ಮಾ ಊರಿನಲ್ಲಿ 1965ರ ಮಾರ್ಚ್ 7ರಂದು, ಮತದಾನದ ಹಕ್ಕಿಗಾಗಿ ಸೇತುವೆ ದಾಟಿ ಹೊರಟಿದ್ದ ಕಪ್ಪು ಜನರ ಮೇಲೆ ರಾಜ್ಯದ ಪೊಲೀಸರ ಜೊತೆ ಏರಿಹೋದವರು ಶೆರಿಫ್ ಜಿಮ್ ಕ್ಲಾರ್ಕ್‌ನ ಪಾಸಿಯವರು. ಕೆಲವರು ಕುದುರೆ ಮೇಲಿದ್ದರು. ಅವರೂ ಆ ಕೌಂಟಿಯ ಸ್ವಯಂಸೇವಕರೇ. ಅಲ್ಲಿ ಏಟು ತಿಂದವರಿಗೆ ಶೆರಿಫನನ್ನು ಆರಿಸುವ ಮತವೇ ಸಿಗದಂತೆ ಮಾಡಿದ್ದರು. ಅವನನ್ನಾಗಲಿ ಅವನ ದಂಡನ್ನಾಗಲಿ ಲೆಕ್ಕ ಕೇಳುವ ದಾರಿ ಅವರಿಗೆ ಇರಲಿಲ್ಲ.

ಆ ರಾತ್ರಿ ಪುಣೆಯ ಬಾಗಿಲು ನೆನಪಾಯಿತು. ಸೆಲ್ಮಾ ಎಲ್ಲಿ, ನಮ್ಮ ಬಳಗ ಎಲ್ಲಿ! ಹೋಲಿಸುವ ಮಾತೇ ಅಲ್ಲ. ಆದರೂ ಸೇವೆ ಮಾಡುತ್ತಿದ್ದೇನೆ, ಆದ್ದರಿಂದ ನನ್ನನ್ನು ಯಾರೂ ಪ್ರಶ್ನಿಸಬಾರದು ಎಂಬ ಹಮ್ಮು ನನ್ನಲ್ಲೂ ಇತ್ತು. ನಾವು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ದುಡ್ಡು ತಂದಿದ್ದೆವು. ಅದು ಏನಾಯಿತೆಂದು ಹೇಳಲು ಒಮ್ಮೆಯೂ ಹೋಗಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು.

ಕಳೆದ ವರ್ಷ ರಸೀದಿ ಪುಸ್ತಕವನ್ನು ಮತ್ತೆ ಕೇಳಿ ಪಡೆದೆ. ಮೊದಲು ಹಿಂದಿನ ವರ್ಷದ ಜಮಾ ಖರ್ಚನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿದೆ. ಕಾರ್ಯಕ್ರಮದ ದಿನ ಸಮಿತಿಯವರೇ ಬಡಿಸುವುದೆಂದು ತೀರ್ಮಾನವಾಯಿತು. ಬಿಸಿಬೇಳೆ ಬಾತಿನ ಸೌಟು ನನ್ನ ಪಾಲಿಗೆ ಬಂತು.

ಆ ಮನೆಯ ಕಾಲಿಂಗ್ ಬೆಲ್ ಒತ್ತುವಾಗ ಕೈ ಸ್ವಲ್ಪ ತಡೆಯಿತು. ಅವರೇ ಬಂದರು. ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ನಿಂತಲ್ಲೇ ಮೇಲಿನಿಂದ ಕೆಳಗಿನವರೆಗೆ ಓದಿದರು.

"ಪೆಂಡಾಲಿಗೆ ಇಷ್ಟೊಂದು ಕೊಟ್ರಾ? ನಿಮಗೆ ಚೌಕಾಸಿ ಮಾಡೋಕೇ ಬರಲ್ಲ" ಎಂದು ಬೈದರು. ಬಾಗಿಲು ಪೂರ್ತಿ ತೆರೆದು ಒಳಗೆ ಕೂರಿಸಿ, ತಮಗೆ ಗೊತ್ತಿರುವ ಪೆಂಡಾಲಿನವನ ನಂಬರ್ ಹುಡುಕತೊಡಗಿದರು. ಈ ಸಲ ಆ ವ್ಯವಹಾರ ಅವರದೇ.