ಹೆಚ್ಚಾಗಿ ತಂದ ಅಕ್ಕಿ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಹೆಸರು ಭಕ್ತರೆಲ್ಲರಿಗೂ ಚಿರಪರಿಚಿತವಾದುದು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಿಗೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿತ್ತು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅದನ್ನು ಒಪ್ಪದೆ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಪ್ರಸಂಗವು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ.

ಈ ಪ್ರಸಂಗವನ್ನು ಆಸೆಯ ನಿರಾಕರಣೆಯೆಂದು ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಅರ್ಥವೂ ಇದೆ. ದುಡಿಮೆ ಎಲ್ಲಿಗೆ ನಿಲ್ಲಬೇಕೆಂಬುದನ್ನು ಅಲ್ಲಿ ನಿರ್ಧರಿಸಿದ್ದು ದುಡಿಮೆಯ ಸ್ಥಳವಲ್ಲ, ಮನೆ. ಹೊರಗಿನ ಕಾಯಕಕ್ಕೆ ಅಳತೆಯನ್ನು ಹೇಳುವ ಅಧಿಕಾರ ಒಳಗಿನ ಒಲೆಗಿತ್ತು. ಇಂದಿನ ಕುಟುಂಬಗಳು ಕಳೆದುಕೊಂಡಿರುವುದು ಈ ಅಧಿಕಾರವನ್ನೇ.

ಬೆಂಗಳೂರಿನ ಪೀಣ್ಯದ ಸುತ್ತಮುತ್ತ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬೆಳಗ್ಗೆ ಸಾಲುಗಟ್ಟಿ ಹೋಗುವ ಸಾವಿರಾರು ತಾಯಂದಿರಲ್ಲಿ ಒಬ್ಬಳ ದಿನವನ್ನು ನೋಡಬಹುದು. ಹಳ್ಳಿಯ ಜಮೀನು ಸಾಲದೆ ನಗರಕ್ಕೆ ಬಂದ ಕುಟುಂಬ ಆಕೆಯದು. ಒಂದೇ ಕೋಣೆಯ ಬಾಡಿಗೆಯ ಮನೆ. ಗಂಡ ಸರಕು ಸಾಗಣೆಯ ಟೆಂಪೋ ಓಡಿಸುತ್ತಾನೆ. ಮೂರನೆಯ ತರಗತಿಯ ಮಗಳು, ಅಂಗನವಾಡಿಗೆ ಹೋಗುವ ಮಗ. ಸಂಜೆ ನಾಲ್ಕೂ ಕಾಲರ ಸುಮಾರಿಗೆ ಶಾಲೆಯ ಗಂಟೆ ಬಾರಿಸುತ್ತದೆ. ತಾಯಿ ಕಾರ್ಖಾನೆಯಿಂದ ಹೊರಟು, ಬಸ್ಸು ಹಿಡಿದು, ಮನೆಯ ಬಾಗಿಲಿಗೆ ಬರುವಾಗ ಆರೂವರೆ. ಸರಕು ಬೇಗ ರವಾನೆಯಾಗಬೇಕಾದ ದಿನ ಏಳೂವರೆ. ಈ ನಡುವಿನ ಎರಡು ಮೂರು ತಾಸುಗಳಲ್ಲಿ ಮನೆಯ ಯಜಮಾನಿಕೆ ಎಂಟು ವರ್ಷದ ಹುಡುಗಿಯದು. ಬೀಗದ ಕೈ ಅವಳ ಕೊರಳಿನ ದಾರದಲ್ಲಿರುತ್ತದೆ. ತಮ್ಮನನ್ನು ಕರೆತರುವುದು, ಅವನಿಗೆ ಉಣಿಸುವುದು, ಒಲೆಯ ಬಳಿ ಹೋಗದಂತೆ ಕಾಯುವುದು, ಅಪರಿಚಿತರು ಬಾಗಿಲು ತಟ್ಟಿದರೆ ತೆರೆಯದಿರುವುದು, ಇವೆಲ್ಲ ಅವಳ ಕರ್ತವ್ಯಗಳು.

ಒಂದು ದಿನ ತರಗತಿಯಲ್ಲಿ ಅವಳಿಗೆ ಜ್ವರ ಬಂದಿತು. ಶಿಕ್ಷಕಿ ಹತ್ತೂವರೆಗೇ ತಾಯಿಯ ಮೊಬೈಲಿಗೆ ಕರೆ ಮಾಡಿದರು. ಹೊಲಿಗೆಯ ಸಾಲಿಗೆ ಮೊಬೈಲು ಒಯ್ಯುವಂತಿಲ್ಲವಾದ್ದರಿಂದ ಅದು ಪೆಟ್ಟಿಗೆಯೊಳಗಿತ್ತು. ಊಟದ ವಿರಾಮದಲ್ಲಿ ಆಕೆ ನೋಡಿದಾಗ ಐದು ಕರೆಗಳು ಬಂದಿದ್ದವು. ಅರ್ಧ ದಿನ ಬಿಟ್ಟು ಹೋದರೆ ಆ ತಿಂಗಳ ಹಾಜರಿ ಭತ್ಯೆ ಹೋಗುತ್ತದೆಂದು ಮೇಲ್ವಿಚಾರಕ ನೆನಪಿಸಿದ. ಕೊನೆಗೆ ಪಕ್ಕದ ಮನೆಯ ಅಜ್ಜಿಯೊಬ್ಬರು ಶಾಲೆಗೆ ಹೋಗಿ ಮಗುವನ್ನು ಕರೆತಂದರು. ಆ ಸಂಜೆ ತಾಯಿ ಮನೆಗೆ ಬಂದಾಗ ಮಗಳು ದೂರಲಿಲ್ಲ. “ತಮ್ಮನಿಗೆ ಅನ್ನ ಹಾಕಿದ್ದೇನೆ” ಎಂದಷ್ಟೇ ಹೇಳಿದಳು. ಆ ಮಾತು ತಾಯಿಯನ್ನು ಜ್ವರಕ್ಕಿಂತ ಹೆಚ್ಚಾಗಿ ಸುಟ್ಟಿತು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲವೆಂಬುದನ್ನು ಗಮನಿಸಬೇಕು. ಶಿಕ್ಷಕಿ ತಮ್ಮ ಧರ್ಮವನ್ನು ಪಾಲಿಸಿದರು. ಮೇಲ್ವಿಚಾರಕನ ತಲೆಯ ಮೇಲೆ ತಾಸಿಗಿಷ್ಟು ಉಡುಪೆಂಬ ಲೆಕ್ಕವಿತ್ತು. ದೋಷವಿರುವುದು ವ್ಯಕ್ತಿಗಳಲ್ಲಿ ಅಲ್ಲ. ಶಾಲೆಯು ಮಗುವಿನ ಮನೆಯಲ್ಲಿ ಸದಾ ಒಬ್ಬರು ಇರುತ್ತಾರೆಂದು ಭಾವಿಸುತ್ತದೆ. ಉದ್ಯೋಗದ ಸ್ಥಳವು ದುಡಿಯುವವರಿಗೆ ಮನೆಯೇ ಇಲ್ಲವೆಂದು ಭಾವಿಸುತ್ತದೆ. ಈ ಎರಡು ಭಾವನೆಗಳ ನಡುವಣ ಕಂದಕಕ್ಕೆ ಬೀಳುವುದು ಮಗು.

ನಾಡು ಈ ಕಂದಕವನ್ನು ಸ್ವಲ್ಪವೂ ತುಂಬಿಲ್ಲವೆನ್ನಲಾಗದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಆರಂಭವಾದಾಗ, ಸರ್ಕಾರವೇ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. ನಸುಕಿನಲ್ಲೇ ಕೂಲಿಗೆ ಹೊರಡುವ ತಾಯಿಗೆ ಮಗುವಿನ ಒಂದು ಹೊತ್ತಿನ ಚಿಂತೆ ಕಳೆದುದು ಅಲ್ಪವಾದ ಉಪಕಾರವಲ್ಲ. ಶಾಲೆಯು ಅಕ್ಷರದ ಜೊತೆಗೆ ಅನ್ನವನ್ನೂ ಕೊಡಬಲ್ಲುದಾದರೆ, ಸಂಜೆಯ ಎರಡು ತಾಸುಗಳ ಆಸರೆಯನ್ನು ಕೊಡಲಾರದೇಕೆ?

ಉದ್ಯೋಗದ ಕಡೆಯಿಂದಲೂ ಕಾನೂನು ನಡೆದುಬಂದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿರಬೇಕು ಎಂದೂ ವಿಧಿಸಲಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹಕ್ಕುಗಳನ್ನು ಉಳಿಸಿಕೊಂಡಿದೆ. ಹಳ್ಳಿಯ ಕೂಲಿಕಾರ ತಾಯಂದಿರ ಶಿಶುಗಳಿಗಾಗಿ 4000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆಯನ್ನು ಕರ್ನಾಟಕವು 2023–24ರ ಮುಂಗಡಪತ್ರದಲ್ಲಿ ಪ್ರಕಟಿಸಿತು.

ಆದರೂ ಮೂರು ಕೊರತೆಗಳು ಉಳಿದಿವೆ. ಮೊದಲನೆಯದು, ಸಂಖ್ಯೆಯ ಮಿತಿ. ಹತ್ತು ಮಂದಿಯ ಅಂಗಡಿಯಲ್ಲಿ ದುಡಿಯುವವಳಿಗೂ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವವಳಿಗೂ ಕಾನೂನಿನ ಶಿಶುಪಾಲನಾ ಕೇಂದ್ರವು ಎಟುಕುವುದಿಲ್ಲ. ಎರಡನೆಯದು, ಅಂಥ ಕೇಂದ್ರವು ತೊಟ್ಟಿಲ ಕೂಸನ್ನು ನೋಡುತ್ತದೆಯೇ ಹೊರತು ಶಾಲೆ ಬಿಟ್ಟು ಬರುವ ಎಂಟು ವರ್ಷದ ಮಗುವನ್ನಲ್ಲ. ಮೂರನೆಯದು, ತಂದೆಯನ್ನು ಮರೆತಿರುವುದು. ರಾಜ್ಯ ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಉದ್ಯೋಗದ ತಂದೆಗೆ ಅಂಥ ರಜೆ ಮಾಲೀಕನ ಮರ್ಜಿ. ಶಾಲೆಯ ಕರೆಯೂ ತಾಯಿಗೇ ಹೋಗುತ್ತದೆ. ಆ ದಿನ ಟೆಂಪೋ ಓಡಿಸುತ್ತಿದ್ದ ತಂದೆಯ ಮೊಬೈಲು ಅವನ ಜೇಬಿನಲ್ಲೇ ಇತ್ತು. ಅವನಿಗೆ ಯಾರೂ ಕರೆ ಮಾಡಲಿಲ್ಲ.

ಶಾಲೆಯಲ್ಲಿ ಪೋಷಕರ ದನಿಗೂ ಸ್ಥಾನವುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ನಾಲ್ಕನೆಯ ಮೂರು ಭಾಗ ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಸಭೆಯು ಬುಧವಾರ ಹನ್ನೊಂದು ಗಂಟೆಗೆ ನಡೆದರೆ, ದಿನಗೂಲಿಯ ತಾಯಿ ಆ ಹಕ್ಕಿಗೆ ಒಂದು ದಿನದ ಅನ್ನವನ್ನು ಬೆಲೆಯಾಗಿ ತೆರಬೇಕಾಗುತ್ತದೆ. ಬಾರದಿದ್ದವಳನ್ನು ಮಗುವಿನ ಬಗ್ಗೆ ಆಸಕ್ತಿಯಿಲ್ಲದವಳೆಂದು ಬರೆದುಕೊಳ್ಳಲಾಗುತ್ತದೆ. ಇದು ಅನ್ಯಾಯ. ರಾಯಚೂರು, ಯಾದಗಿರಿಗಳಿಂದ ಗುಳೆ ಹೊರಡುವ ಕುಟುಂಬಗಳ ವಿಷಯವೂ ಹೀಗೆಯೇ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ಅದೇ ಕಾಯ್ದೆ ಹೇಳಿದೆ. ಅದನ್ನು ತಿಳಿದು ಬಾಗಿಲು ತೆರೆಯುವ ಒಬ್ಬ ಮುಖ್ಯ ಶಿಕ್ಷಕರು ಒಂದು ಕುಟುಂಬದ ಪಾಲಿಗೆ ಊರೇ ಆಗುತ್ತಾರೆ.

ಮಾಡಬೇಕಾದುದು ಹೆಚ್ಚು ಹಣದ ಕೆಲಸವೂ ಅಲ್ಲ. ಶಾಲೆಯ ಅಂಗಳವನ್ನು ಸಂಜೆ ಆರೂವರೆಯವರೆಗೆ ತೆರೆದಿಟ್ಟು, ಊರಿನ ಒಬ್ಬಿಬ್ಬರಿಗೆ ಗೌರವಧನ ಕೊಟ್ಟು ಮಕ್ಕಳ ಓದು, ಆಟಗಳನ್ನು ನೋಡಿಕೊಳ್ಳುವಂತೆ ಮಾಡಬಹುದು. ಪೋಷಕರ ಸಭೆಯನ್ನು ಸಂಜೆಗೋ ಭಾನುವಾರಕ್ಕೋ ಇಡಬಹುದು. ದಾಖಲಾತಿ ಪುಸ್ತಕದಲ್ಲಿ ತಂದೆಯ ಸಂಖ್ಯೆಯನ್ನು ಬರೆದುಕೊಂಡು ಅವನನ್ನೂ ಕರೆಯಬಹುದು. ಕಾರ್ಖಾನೆಯ ಬಾಗಿಲಲ್ಲಿ ತುರ್ತು ಕರೆಗೆ ಒಂದು ಸ್ಥಿರ ದೂರವಾಣಿಯಿದ್ದು, ಶಾಲೆಯಿಂದ ಬಂದ ಕರೆಯನ್ನು ಕೂಡಲೇ ತಲುಪಿಸುವ ವ್ಯವಸ್ಥೆಯಾಗಬಹುದು. ಹೆಚ್ಚುವರಿ ದುಡಿಮೆಯನ್ನು ಹಿಂದಿನ ದಿನವೇ ತಿಳಿಸಬಹುದು. ಮಗುವಿನ ಕಾಯಿಲೆಗೆಂದು ಹೋದ ಅರ್ಧ ದಿನಕ್ಕೆ ಭತ್ಯೆಯನ್ನು ಕತ್ತರಿಸದಿರಬಹುದು.

ಈ ಮಾತುಗಳು ಸರ್ಕಾರಕ್ಕೆ ಮತ್ತು ದೊಡ್ಡ ಉದ್ಯಮಗಳಿಗೆ ಮಾತ್ರ ಸಲ್ಲತಕ್ಕವೆಂದು ಭಾವಿಸಿದರೆ ಆತ್ಮವಂಚನೆಯಾದೀತು. ಭಕ್ತರಲ್ಲಿ ಅಂಗಡಿಯ ಯಜಮಾನರಿದ್ದಾರೆ, ಗಿರಣಿಯ ಮಾಲೀಕರಿದ್ದಾರೆ, ಶಾಲಾ ಮಂಡಳಿಯ ಸದಸ್ಯರಿದ್ದಾರೆ. ಮಠಗಳು ತಾವೇ ಶಾಲೆ, ವಸತಿನಿಲಯಗಳನ್ನು ನಡೆಸುತ್ತವೆ. ಅಲ್ಲಿ ಪಾಠ ಹೇಳುವ ಶಿಕ್ಷಕಿಗೂ ದಾಸೋಹದ ಅಡುಗೆ ಮಾಡುವವಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ನೂರಾರು ಮಕ್ಕಳಿಗೆ ಬಡಿಸಿದ ಕೈ ತನ್ನ ಮಗುವಿಗೆ ಬಡಿಸಲು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದೆಯೇ ಎಂಬ ಪ್ರಶ್ನೆಯನ್ನು ಮೊದಲು ಅಲ್ಲಿ ಕೇಳಬೇಕು.

ಲಕ್ಕಮ್ಮ ಮರಳಿ ಸುರಿಸಿದುದು ಅಕ್ಕಿ. ಇಂದು ಮರಳಿ ಕೊಡಬೇಕಾದುದು ಹೊತ್ತು. ಅಗತ್ಯಕ್ಕೆ ಮೀರಿ ಹಿಡಿದಿಟ್ಟುಕೊಂಡ ಒಂದು ತಾಸು ಯಜಮಾನನ ಲೆಕ್ಕದಲ್ಲಿ ಲಾಭವಾಗಿ ಕಾಣಬಹುದು. ಅದು ಕೊರಳಲ್ಲಿ ಬೀಗದ ಕೈ ಕಟ್ಟಿಕೊಂಡು ಬಾಗಿಲ ಹಿಂದೆ ಕುಳಿತ ಒಂದು ಮಗುವಿನ ಪಾಲು. ಅದನ್ನು ಹಿಂದಿರುಗಿಸುವುದು ದಯೆಯಲ್ಲ, ಹೆಚ್ಚಾಗಿ ತಂದುದನ್ನು ತಂದಲ್ಲಿಗೆ ಮುಟ್ಟಿಸುವ ಪ್ರಾಮಾಣಿಕತೆ ಮಾತ್ರ.