ಕ್ಯಾಂಪಿನ ಅಂಚೆಯಣ್ಣ

ಅಂಚೆಯಣ್ಣ ತೀರಿಕೊಂಡು ವರ್ಷಗಳೇ ಆದವು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯದೇ ಇತ್ತು, ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದು ನನಗೆ ನೆನಪಿಲ್ಲ. ಬೈಲಕುಪ್ಪೆ ಸುತ್ತಲಿನ ನಮ್ಮ ಹಳ್ಳಿಗಳಿಗೂ ಟಿಬೆಟನ್ನರ ಕ್ಯಾಂಪುಗಳಿಗೂ ಅವನು ಅಂಚೆಯಣ್ಣ. ಅವನ ಹೆಂಡತಿ ಕೂಡ ಮನೆಗೆ ಬಂದವರಿಗೆ "ಅಂಚೆಯೋರು ಇನ್ನೂ ಬಂದಿಲ್ಲ, ಕೂತ್ಕಳಿ, ಕಾಫಿ ಕುಡೀರಿ" ಅನ್ನುತ್ತಿದ್ದರು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನು ಟಪಾಲು ಹೊತ್ತ, ನಾನು ಸೀಮೆಸುಣ್ಣ ಹಿಡಿದೆ. ಈಗ ಹೇಳಹೊರಟಿರುವುದು ಒಂದು ಕಾಗದದ ಕಥೆ. ಅದಕ್ಕೆ ಮೊದಲು ಕ್ಯಾಂಪಿನ ವಿಷಯ ಸ್ವಲ್ಪ ಹೇಳಬೇಕು.

1959ರಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರಲ್ಲ, ಅವರ ಹಿಂದೆ ಹಿಮಾಲಯ ದಾಟಿ ಬಂದವರು ಸುಮಾರು 80,000 ಜನ. ಎಷ್ಟೋ ಮಂದಿ ಹಿಮಾಚಲದ ಬೆಟ್ಟಗಳಲ್ಲಿ ರಸ್ತೆಗೆ ಕಲ್ಲು ಒಡೆದು ಹೊಟ್ಟೆ ಹೊರೆದರು. ಆಗ ಮೈಸೂರು ರಾಜ್ಯ ಬೈಲಕುಪ್ಪೆಯ ಕಾಡಂಚಿನಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ನಿಜಲಿಂಗಪ್ಪನವರನ್ನು ಕ್ಯಾಂಪಿನ ಹಿರಿಯರು ಇವತ್ತಿಗೂ ಕೈಮುಗಿದು ನೆನೆಯುತ್ತಾರೆ. 1960ರ ಕೊನೆಯ ಹೊತ್ತಿಗೆ ಮೊದಲ ತಂಡ ಬಂದಾಗ ನಾವಿನ್ನೂ ಚಡ್ಡಿ ಹುಡುಗರು. ಕಣ್ಣಾರೆ ಕಂಡದ್ದೆಷ್ಟು, ದೊಡ್ಡವರು ಜಗಲಿಯಲ್ಲಿ ಹೇಳುವಾಗ ಕೇಳಿದ್ದೆಷ್ಟು ಅಂತ ಈಗ ಬೇರೆ ಮಾಡಲಾರೆ. ಹಿಮದಲ್ಲಿ ಬೆಳೆದ ಜೀವಗಳು ನಮ್ಮ ಬಿಸಿಲಿನಲ್ಲಿ ದಪ್ಪ ಉಣ್ಣೆಯ ನಿಲುವಂಗಿ ತೊಟ್ಟು ಬಿದಿರು ಕಡಿಯುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹಗಲು ಮರ ಉರುಳಿಸಿ ನೆಲ ಹಸನು ಮಾಡುವುದು, ರಾತ್ರಿ ಆನೆ ಬಂದರೆ ತಗಡು ಬಡಿಯುವುದು. ಕುಶಾಲನಗರದ ಸಂತೆಯಲ್ಲಿ ಅವರಿಗೂ ನಮ್ಮವರಿಗೂ ಬೆರಳಲ್ಲೇ ವ್ಯಾಪಾರ.

ಅಂಚೆಯಣ್ಣ ಕೆಲಸಕ್ಕೆ ಸೇರುವ ಹೊತ್ತಿಗೆ ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಅಂತ ಹೆಂಚಿನ ಮನೆಗಳ ಸಾಲು ಎದ್ದಿದ್ದವು. ಅವನಿಗೆ ಮೊದಲು ಎದುರಾದ ಕಷ್ಟ ಹೆಸರಿನದು. ಅವರಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಲಾಮಾ ಇಟ್ಟದ್ದೇ ಹೆಸರು. ದಲೈ ಲಾಮಾ ಅವರ ಹೆಸರಿನಿಂದ ಬಂದ ತೆನ್‌ಜಿನ್ ಮನೆಗೊಬ್ಬರು. ಹುಟ್ಟಿದ ವಾರದ ಹೆಸರಿನವರು ಇನ್ನೊಂದಷ್ಟು: ಭಾನುವಾರಕ್ಕೆ ನಿಮಾ, ಸೋಮವಾರಕ್ಕೆ ದಾವಾ, ಬುಧವಾರಕ್ಕೆ ಲ್ಹಾಕ್ಪಾ, ಶುಕ್ರವಾರಕ್ಕೆ ಪಾಸಾಂಗ್. ಅದೂ ಗಂಡಿಗೂ ಅದೇ, ಹೆಣ್ಣಿಗೂ ಅದೇ. ಇವನು ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಮನೆಮನೆಯ ಗುರುತು ಬರೆಯುತ್ತಾ ಹೋದ. "ದಾವಾ, ನಾಲ್ಕನೇ ಕ್ಯಾಂಪು, ಬೇಲಿ ತುಂಬ ದಾಸವಾಳ. ದಾವಾ, ಟ್ರ್ಯಾಕ್ಟರ್ ಓಡಿಸುವವರು, ಮೇಲಿನ ಹಲ್ಲು ಚಿನ್ನ. ದಾವಾ, ಅಜ್ಜಿ, ಕಿವಿ ಕೇಳದು, ಕಿಟಕಿ ಬಡಿಯಬೇಕು." ರಾತ್ರಿ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಅದನ್ನೇ ಓದುತ್ತಾ ಕೂರುತ್ತಿದ್ದ. ಮೇಲಧಿಕಾರಿಗಳು ಹೇಳಿದ ಕೆಲಸವಲ್ಲ ಅದು. ಹೆಸರು ಗೊತ್ತಿಲ್ಲದೆ ಕಾಗದ ವಾಪಸ್ ಕಳಿಸುವುದೆಂದರೆ ಅವನಿಗೆ ಮನೆಗೆ ಬಂದ ನೆಂಟರನ್ನು ಬಾಗಿಲಿಂದಲೇ ಅಟ್ಟಿದ ಹಾಗೆ.

ಅಮಾಲಾಗಳು, ಅಂದರೆ ಕ್ಯಾಂಪಿನ ತಾಯಂದಿರು, ಅವನನ್ನು ಬರಿ ಹೊಟ್ಟೆಯಲ್ಲಿ ಬಿಡುತ್ತಿರಲಿಲ್ಲ. ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ. ಒಂದು ಗುಟುಕು ಕುಡಿದರೆ ಬಟ್ಟಲು ಮತ್ತೆ ತುಂಬುತ್ತದೆ, ಅದು ಅವರ ಮರ್ಯಾದೆ. ಜೊತೆಗೆ ತ್ಸಾಂಪಾ, ಬಾರ್ಲಿ ಹುರಿದು ಬೀಸಿದ ಹಿಟ್ಟು. ಅದನ್ನು ಮೊದಲ ಸಲ ಚಹಾದಲ್ಲಿ ಕಲಸಿ ಬಾಯಿಗಿಟ್ಟವನೇ "ಇದು ನಮ್ಮ ಹುರಿಹಿಟ್ಟೇ ಕಣವ್ವಾ!" ಅಂತ ಕೂಗಿದನಂತೆ. ಮಾರನೆಯ ವಾರ ಟಪಾಲು ಚೀಲದ ಪಕ್ಕದಲ್ಲಿ ರಾಗಿ ಹುರಿಹಿಟ್ಟು, ಬೆಲ್ಲದ ಅಚ್ಚು. ಅಲ್ಲಿಂದ ಶುರುವಾದ ಕೊಡುಕೊಳ್ಳುವಿಕೆ ನಿಲ್ಲಲೇ ಇಲ್ಲ. ಲೋಸಾರ್ ಹಬ್ಬಕ್ಕೆ ಅವರು ಎಣ್ಣೆಯಲ್ಲಿ ಕರಿದ ಖಾಪ್ಸೆ ಇವನ ಮನೆಗೆ, ಯುಗಾದಿಗೆ ಇವನ ಮನೆಯ ಒಬ್ಬಟ್ಟು ಕ್ಯಾಂಪಿಗೆ. ಚಳಿಗಾಲ ಬಂತೆಂದರೆ ಕ್ಯಾಂಪಿನ ಅರ್ಧ ಜನ ಸ್ವೆಟರ್ ಮಾರಲು ದೊಡ್ಡ ಊರುಗಳಿಗೆ ಹೊರಡುತ್ತಿದ್ದರು. ಆಗ ಮನಿಯಾರ್ಡರುಗಳ ಸುಗ್ಗಿ. ಒಂಟಿ ಅಜ್ಜಿಯರ ಮುಂದೆ ಇವನು ಚಕ್ಕಳಮಕ್ಕಳ ಕೂತು ನೋಟು ಮತ್ತೆ ಮತ್ತೆ ಎಣಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಅವರು ದುಡ್ಡು ಒಳಗಿಟ್ಟು ಬಂದದ್ದನ್ನು ನೋಡಿಯೇ ಏಳುತ್ತಿದ್ದ.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. 1972ರಲ್ಲಿ ಪಿನ್‌ಕೋಡ್ ಬಂದು ನಮ್ಮ ಅಂಚೆಗೆ 571104 ಅಂತ ನಂಬರು ಬಿದ್ದಿತ್ತು. ಅದಾದ ಮೇಲಿನ ಮಾತು. ಪುಷ್ಯ ಮಳೆಯೋ ಆಶ್ಲೇಷವೋ ಮರೆತಿದೆ. ಮುಸುಕಿನ ಜೋಳ ಕಾಳು ಕಟ್ಟಿತ್ತು, ಅಷ್ಟು ನೆನಪಿದೆ. ಭಾನುವಾರ ಬೆಳಿಗ್ಗೆ ಅವನ ಮನೆಯಲ್ಲಿ ಕಣಿಲೆ ಪಲ್ಯ, ಅಕ್ಕಿರೊಟ್ಟಿ ತಿನ್ನುತ್ತಿದ್ದೆವು. ಅವನು ಜೇಬಿನಿಂದ ಒಂದು ಕಾಗದ ತೆಗೆದ. ಸ್ವಿಟ್ಜರ್ಲೆಂಡಿನ ಸ್ಟಾಂಪು. ಆ ದೇಶ 1960ರ ದಶಕದಲ್ಲಿ ಸಾವಿರದಷ್ಟು ಟಿಬೆಟನ್ನರಿಗೆ ಆಸರೆ ಕೊಟ್ಟಿತ್ತು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ವಾರದ ಹೆಸರು, ಅದರ ಕೆಳಗೆ ಟಿಬೆಟನ್ ಕ್ಯಾಂಪು, ಮೈಸೂರು ರಾಜ್ಯ. ಅಷ್ಟೇ. ಯಾವ ವಾರವೆಂದು ಹೇಳುವುದಿಲ್ಲ, ಆ ಮನೆಯವರು ಇದ್ದಾರೆ. ಮುಂಡಗೋಡಿನ ಕ್ಯಾಂಪಿಗೆ ಹೋಗಿ, ಅಲ್ಲಿ ಯಾರೂ ಸಿಕ್ಕದೆ, ಮೊಹರಿನ ಮೇಲೆ ಮೊಹರು ಹಾಕಿಸಿಕೊಂಡು ಇಲ್ಲಿಗೆ ಬಂದಿತ್ತು.

"ಮೇಷ್ಟ್ರೇ, ಬರ್ತೀಯೇನೋ? ಇವತ್ತು ಇದನ್ನ ಮುಟ್ಟಿಸಿಬಿಡೋಣ" ಅಂದ.

ಹೊರಟೆವು. ಮಳೆ ಒಂದೇ ಸಮನೆ ಹುಯ್ಯುತ್ತಿತ್ತು. ಕಂಬಳಿ ಕೊಪ್ಪೆಯನ್ನು ಅವನು ಚೀಲಕ್ಕೆ ಹೊದಿಸಿ ತಾನು ನೆನೆದುಕೊಂಡೇ ಸೈಕಲ್ ತುಳಿದ. ಪುಸ್ತಕದಲ್ಲಿ ಆ ಹೆಸರಿದ್ದ ಮನೆಗಳಿಗೆಲ್ಲ ಹೋದೆವು. ಮೊದಲ ಮನೆಯ ಯಜಮಾನರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಲಕೋಟೆಯ ಹಿಂದಿದ್ದ ಹೆಸರು ಓದಿಸಿ ಕೇಳಿದರು. ಹಣೆಗೆ ಒತ್ತಿಕೊಂಡರು. "ನನ್ನ ತಂಗಿ ದಾರಿಯಲ್ಲೇ ಹೋದಳು" ಅಂತ ವಾಪಸ್ ಕೊಟ್ಟರು. ಟ್ರ್ಯಾಕ್ಟರ್ ರಿಪೇರಿಯವನು ಎಣ್ಣೆ ಕೈ ಒರೆಸಿಕೊಂಡು ಮುಟ್ಟಿ ನೋಡಿ ತಲೆಯಾಡಿಸಿದ. ಒಬ್ಬ ಅಜ್ಜಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ "ನನ್ನದಲ್ಲ. ಯಾರದ್ದು ಅಂತ ಗೊತ್ತಾದರೆ ನನಗೂ ಬಂದು ಹೇಳು" ಅಂದರು. ಆ ದಿನ ನನಗೆ ಮನಸ್ಸಿಗೆ ನಾಟಿದ್ದು ಇದು: ಆ ಹೆಸರಿನವರಿಗೆಲ್ಲ ಕಳೆದುಹೋದವರೊಬ್ಬರು ಇದ್ದರು, ಎಲ್ಲರ ಕೈಯೂ ಆ ಕಾಗದ ಹಿಡಿಯುವಾಗ ನಡುಗಿತು, ಆದರೂ ಒಬ್ಬರೂ ಅದನ್ನು ತಮ್ಮದು ಅನ್ನಲಿಲ್ಲ.

ಸಂಜೆಯಾಗುತ್ತಾ ಬಂತು. ಕೊನೆಗೊಂದು ಮನೆಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತಾ ಕೂತಿದ್ದ ಅಮಾಲಾ ಒಬ್ಬರು ತಟ್ಟನೆ ಕೈ ನಿಲ್ಲಿಸಿದರು. ಹಿಮಾಚಲದ ರಸ್ತೆ ಕೆಲಸದಲ್ಲಿ ಜೊತೆಗಿದ್ದ ಒಬ್ಬ ಹುಡುಗನಿಗೆ ಈ ಹೆಸರಿತ್ತಂತೆ. ಜ್ವರ ಬಂದು ಸಾಯುವ ಹಾಗಾದಾಗ ಲಾಮಾ ಅವನ ಹೆಸರು ಬದಲಿಸಿದರಂತೆ. ದೊಡ್ಡ ಕಾಯಿಲೆ ಬಿದ್ದವರಿಗೆ ಹೊಸ ಹೆಸರಿಡುವುದು ಅವರ ಪದ್ಧತಿ. ಅವನಿಗೆ ಕೊಟ್ಟದ್ದು ದೀರ್ಘಾಯುಸ್ಸಿನ ಹೆಸರು. ಅಂಚೆಯಣ್ಣ ಪುಸ್ತಕ ತೆಗೆದ. ಹೊಸ ಹೆಸರಿನಲ್ಲಿ ಆ ಮನುಷ್ಯ ಅದರಲ್ಲಿದ್ದ. "ಕಾಡಂಚಿನ ಹೊಲ, ಒಂಟಿ, ಮಾತು ಕಮ್ಮಿ" ಅಂತ ಬರೆದಿತ್ತು. ಇವತ್ತು ಅಟ್ಟಣೆಯಲ್ಲಿ ಜೋಳ ಕಾಯುತ್ತಿದ್ದಾನೆ ಅಂತ ಅಮಾಲಾ ಹೇಳಿದರು.

"ಕತ್ತಲಾಯ್ತು, ಆನೆ ಕಾಟ ಬೇರೆ. ನಾಳೆ ಕೊಟ್ಟರಾಗದೇನೋ?" ಅಂದೆ.

"ಊರೂರು ಅಲೆದು ಬಂದಿದೆ ಕಣೋ. ಇನ್ನೊಂದು ರಾತ್ರಿ ಯಾಕೆ ನನ್ನ ಚೀಲದಲ್ಲಿ ಮಲಗಬೇಕು?"

ಸೈಕಲ್ ಬಿಟ್ಟು ಕೆಸರಲ್ಲಿ ನಡೆದೆವು. ಅಟ್ಟಣೆಯ ಕೆಳಗೆ ಬೆಂಕಿ ಹೊಗೆಯಾಡುತ್ತಿತ್ತು. ಅಂಚೆಯಣ್ಣ ಅವಸರ ಮಾಡಲಿಲ್ಲ. ಹಳೆಯ ಹೆಸರು ಕೇಳಿದ, ಒಡಹುಟ್ಟಿದವರ ಹೆಸರು ಕೇಳಿದ. ಲಕೋಟೆಯ ಹಿಂದಿದ್ದ ಹೆಸರು ಅವನ ಬಾಯಿಂದಲೇ ಬಂದ ಮೇಲೆ ಕಾಗದ ಕೊಟ್ಟ. ಒಳಗೆಲ್ಲ ಟಿಬೆಟನ್ ಅಕ್ಷರ. ನಾನು ಲಾಟೀನು ಹಿಡಿದೆ. ಅವನು ಪೂರ್ತಿ ಓದಿ ಮತ್ತೆ ಮೊದಲಿಂದ ಓದಿದ. ಅಕ್ಕ ಬದುಕಿದ್ದಳು. ರೀಕೊನ್ ಅನ್ನುವ ಊರಿನ ಪಾತ್ರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಣಿವೆ ದಾಟುವಾಗ ಕೈ ತಪ್ಪಿದ ತಮ್ಮ ಮೈಸೂರಿನ ಕಡೆ ಇರಬಹುದು ಅಂತ ಯಾರೋ ಹೇಳಿದ್ದರಂತೆ. ಅವನು ಅಳುತ್ತಲೇ ಕೆಂಡದಲ್ಲಿ ಜೋಳದ ತೆನೆ ಸುಟ್ಟು, ಉಪ್ಪು ಖಾರ ಸವರಿ ನಮ್ಮ ಕೈಗಿಟ್ಟ. ಅಂಥ ರುಚಿಯ ಜೋಳ ಆಮೇಲೆ ನಾನು ತಿಂದಿಲ್ಲ. ಹೊರಡುವಾಗ ಅಂಚೆಯಣ್ಣ ಕತ್ತಲಲ್ಲೇ ಬಳಸು ದಾರಿ ಹಿಡಿದ. ಆ ಅಜ್ಜಿಗೆ ಹೇಳಬೇಕಿತ್ತಲ್ಲ. ಮಾರನೆಯ ದಿನ ಏರೋಗ್ರಾಮ್ ಒಯ್ದು, ಉತ್ತರ ಬರೆಸಿ, ವಿಳಾಸವನ್ನು ತನ್ನ ಗುಂಡಗಿನ ಅಕ್ಷರದಲ್ಲಿ ತಾನೇ ಬರೆದನಂತೆ. ಬಹಳ ವರ್ಷಗಳ ಮೇಲೆ ಆ ಅಕ್ಕ ಬಂದರು. ತಮ್ಮನ ಮನೆಯಲ್ಲಿ ಇಳಿದು, ಮಾರನೆಯ ಬೆಳಿಗ್ಗೆ ಅಂಚೆಯಣ್ಣನ ಮನೆಯಲ್ಲಿ ಅಕ್ಕಿರೊಟ್ಟಿ ಉಂಡರು.

ಅವನು ಹೋದದ್ದು ಒಂದು ಚಳಿಗಾಲದಲ್ಲಿ. ಕ್ಯಾಂಪಿನ ಗಂಡಸರು ಹೆಂಗಸರು ಅರ್ಧದಷ್ಟು ಸ್ವೆಟರ್ ವ್ಯಾಪಾರಕ್ಕೆ ಹೋಗಿದ್ದರೂ ನಮ್ಮ ಬೀದಿ ತುಂಬಿತ್ತು. ಬಂದವರೆಲ್ಲ ಬಿಳಿಯ ಖಾತಾ ಶಾಲು ಹೊದಿಸಿದರು, ನಮ್ಮ ಸೇವಂತಿಗೆ ಹಾರಗಳೂ ಅದರ ಮೇಲೆ ಬಿದ್ದವು. ಹನ್ನೊಂದನೆಯ ದಿನ ನಮ್ಮ ಪಂಕ್ತಿಯಲ್ಲಿ ಅವರು ಕೂತು ಉಂಡರು. ಅವರ ಲೆಕ್ಕದಲ್ಲಿ ನಲವತ್ತೊಂಬತ್ತು ದಿನ. ಆ ದಿನ ಮಠದಲ್ಲಿ ಅವನ ಹೆಸರಲ್ಲಿ ಬೆಣ್ಣೆ ದೀಪ ಹಚ್ಚಿಸಿ, ಅವನ ಹೆಂಡತಿಯನ್ನು ಕರೆಸಿಕೊಂಡರು. ಆಕೆ ಬುಟ್ಟಿಯಲ್ಲಿ ಹುರಿಹಿಟ್ಟು, ಬೆಲ್ಲ ತುಂಬಿಕೊಂಡು ಹೋಗಿ ಎಲ್ಲರಿಗೂ ಹಂಚಿದರು. "ಅವರಿದ್ದಿದ್ರೆ ಇದನ್ನೇ ತಾನೆ ತರ್ತಿದ್ದದ್ದು" ಅಂದರು.

ಮಡಿಕೇರಿಗೆ ಹೋಗುವ ನಮ್ಮವರು ದಾರಿಯಲ್ಲಿ ಬೈಲಕುಪ್ಪೆಗೆ ತಿರುಗಿ, ನಾಮ್ಡ್ರೋಲಿಂಗ್ ಮಠದ ಸ್ವರ್ಣ ದೇಗುಲ ನೋಡಿ, ಮೊಮೊ ತಿಂದು ಹೋಗುತ್ತಾರೆ. ನೋಡಬೇಕಾದದ್ದೇ, ಅದು ಚೆಂದ. ನನ್ನ ಮನೆಗೆ ಬಂದವರಿಗೆ ಮಾತ್ರ ನಾನು ನಮ್ಮ ಅಂಚೆ ಕಚೇರಿಯನ್ನೂ ತೋರಿಸುತ್ತೇನೆ. ಒಂದು ರಾಜ್ಯ ನೆಲ ಕೊಟ್ಟಿತು, ಅದು ದೊಡ್ಡ ಕೆಲಸ. ಆ ನೆಲದ ಮೇಲೆ ಬಂದು ಇಳಿದವರನ್ನು ಒಬ್ಬೊಬ್ಬರನ್ನಾಗಿ ಗುರುತು ಹಿಡಿದು, ಅವರ ಬಟ್ಟಲಲ್ಲಿ ಕುಡಿದು, ಅವರ ಮನೆಯ ಸುಖದುಃಖವನ್ನು ಚೀಲದಲ್ಲಿ ಹೊತ್ತು ತಿರುಗಿದವನು ನನ್ನ ಗೆಳೆಯ. ನಮ್ಮ ಸೀಮೆಯಲ್ಲಿ ಅವರೂ ನಾವೂ ಇಷ್ಟು ವರ್ಷ ನೆಂಟರ ಹಾಗೆ ಬಾಳಿದ್ದರಲ್ಲಿ ಅವನ ಸೈಕಲ್ಲಿನ ಪಾಲೂ ಇದೆ. ನಮ್ಮ ಮೊಮ್ಮಕ್ಕಳಿಗೂ ಕ್ಯಾಂಪಿನ ಮೊಮ್ಮಕ್ಕಳಿಗೂ ಇದು ಗೊತ್ತಿರಲಿ ಅಂತ ಹೇಳಿದೆ.